ಜಿಸಿಎಸ್ 3 ಅಂದರೆ ಮೆದುಳು ಸತ್ತಿದೆ ಎಂದಲ್ಲ

ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ನರ್ಸ್ ಚಾರ್ಟಿನಲ್ಲಿ ಜಿಸಿಎಸ್ 3 ಅಂತ ಬರೆದರೆ ಮೆದುಳು ಸತ್ತಂತೆ, ಐಸಿಯು ಖರ್ಚು ಸುಮ್ನೆ ದಂಡ." ಇದು ತಪ್ಪು. ಇದನ್ನು ನಂಬಿ ಯಾರೂ ಚಿಕಿತ್ಸೆ ನಿಲ್ಲಿಸಬೇಡಿ.

ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ರೋಗಿಗೆ ಎಷ್ಟು ಎಚ್ಚರ ಇದೆ ಎಂದು ಅಳೆಯುವ ಅಂಕಪದ್ಧತಿ. ಇದನ್ನು 1974ರಲ್ಲಿ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಅತಿ ಕಡಿಮೆ ಅಂಕವೇ 3. ಇದರಲ್ಲಿ ಸೊನ್ನೆ ಇಲ್ಲ. ನಿದ್ದೆಯ ಔಷಧಿ ಕೊಟ್ಟಾಗಲೂ 3 ಬರಬಹುದು. ಸಕ್ಕರೆ ತೀರಾ ಇಳಿದರೂ ಅಂಕ ಕುಸಿಯುತ್ತದೆ, ಸರಿಪಡಿಸಿದರೆ ಏರುತ್ತದೆ. ಮೆದುಳು ಸಾವನ್ನು ನರ್ಸ್ ಚಾರ್ಟ್ ತೀರ್ಮಾನಿಸುವುದಿಲ್ಲ. ಅಂಗಾಂಗ ಕಸಿಯ 1994ರ ಕಾನೂನಿನ ಪ್ರಕಾರ ಅದಕ್ಕೆ ವೈದ್ಯರ ಮಂಡಳಿ ಬೇಕು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಆಗಬೇಕು.

ನನಗೆ ಜಾಸ್ತಿ ಚಿಂತೆ ಇರುವುದು ಮಾತಿನ ಅಂಕದ ಬಗ್ಗೆ. ಊರಿಂದ ಡೊಂಬಿವಿಲಿಯ ಮಗನ ಮನೆಗೆ ಬಂದ ಅಜ್ಜಿಗೆ ಮರಾಠಿಯಲ್ಲಿ "ಇವತ್ತು ಯಾವ ವಾರ?" ಅಂತ ಕೇಳಿದರೆ ಏನು ಹೇಳಿಯಾರು? ಸುಮ್ಮನಿದ್ದರೆ ಗೊಂದಲದಲ್ಲಿದ್ದಾರೆ ಅಂತ ಅನಿಸಬಹುದು, ಅಲ್ವಾ? "ಇವರಿಗೆ ಕನ್ನಡ ಮಾತ್ರ ಬರುತ್ತದೆ, ಕಿವಿ ಮಂದ" ಅಂತ ಆಸ್ಪತ್ರೆಗೆ ಸೇರಿಸುವಾಗಲೇ ಹೇಳಿ. ಪ್ರಶ್ನೆಯನ್ನು ನೀವೇ ಕನ್ನಡದಲ್ಲಿ ಕೇಳಿ, ಉತ್ತರ ಮಾತ್ರ ನೀವು ಸೂಚಿಸಬೇಡಿ. ಬಾಯಲ್ಲಿ ಉಸಿರಿನ ನಳಿಕೆ ಇದ್ದವರ ಮಾತನ್ನು ಅಳೆಯಲು ಬರುವುದಿಲ್ಲ, ಚಾರ್ಟಿನಲ್ಲಿ ಅದನ್ನು ಬೇರೆಯಾಗಿ ಗುರುತಿಸುತ್ತಾರೆ.

ಒಂದೇ ಅಂಕಕ್ಕಿಂತ ಅದರ ಏರಿಳಿತ ಮುಖ್ಯ. ಅದಕ್ಕೇ ನರ್ಸ್ ರಾತ್ರಿಯೂ ಎಬ್ಬಿಸಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ತಡೆಯಬೇಡಿ.