ಬೀದಿಗೆ ಬೆಲೆ ತಂದವರೇ ಬೀದಿ ಬಿಡಬೇಕೇ?

ನಗರದ ಆಡಳಿತಕ್ಕೆ ಕಲೆಯ ಮೇಲೆ ದಿಢೀರನೆ ಪ್ರೀತಿ ಉಕ್ಕಿದಾಗಲೆಲ್ಲ ಮೊದಲು ಹೊರಬರುವುದು ಒಂದು ಬೃಹತ್ ಕಟ್ಟಡದ ನೀಲನಕ್ಷೆ. ಅದರ ಸಮರ್ಥನೆಗೆ ಸ್ಪೇನಿನ ಬಿಲ್ಬಾವೊ ಹೆಸರು ಬಂದೇ ಬರುತ್ತದೆ. 1997ರಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ಬಾಗಿಲು ತೆರೆದ ಮೇಲೆ ಸೊರಗಿದ್ದ ಆ ಕೈಗಾರಿಕಾ ನಗರಕ್ಕೆ ಪ್ರವಾಸಿಗರ ದಂಡೇ ಹರಿದುಬಂದದ್ದು ನಿಜ. ಆದರೆ ಅದಕ್ಕೂ ಮೊದಲೇ ಅಲ್ಲಿನ ಕೊಳಕು ನದಿಯನ್ನು ಶುದ್ಧಗೊಳಿಸುವ ಕೆಲಸ ಆರಂಭವಾಗಿತ್ತು, 1995ರಲ್ಲೇ ಮೆಟ್ರೊ ಓಡತೊಡಗಿತ್ತು. ಅದನ್ನೆಲ್ಲ ಮರೆತು ಆ ವಸ್ತುಸಂಗ್ರಹಾಲಯದ ಹೊಳೆಯುವ ಟೈಟಾನಿಯಂ ಲೋಹದ ಹೊದಿಕೆಯನ್ನಷ್ಟೇ ನಕಲು ಮಾಡಲು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಲೆ ನಗರದೊಳಗೆ ಬೇರೂರುವುದು ಹೆಚ್ಚಾಗಿ ಯಾರಿಗೂ ಬೇಡವಾದ ಜಾಗಗಳಲ್ಲಿ. ನ್ಯೂಯಾರ್ಕಿನ ಸೋಹೊದಲ್ಲಿ 1960ರ ದಶಕದಲ್ಲಿ ಕಾರ್ಖಾನೆಗಳು ಖಾಲಿಯಾಗುತ್ತಿದ್ದವು. ಎತ್ತರದ ಚಾವಣಿ, ದೊಡ್ಡ ಕಿಟಕಿ, ಕಡಿಮೆ ಬಾಡಿಗೆ ನೋಡಿ ಚಿತ್ರಕಾರರೂ ಶಿಲ್ಪಿಗಳೂ ಕಾನೂನಿನ ಕಣ್ಣು ತಪ್ಪಿಸಿ ಬಂದು ಸೇರಿಕೊಂಡರು. 1971ರಲ್ಲಿ ನಗರ ಆಡಳಿತ ಕಲಾವಿದರಿಗೆ ಮಾತ್ರ ಎಂಬ ಷರತ್ತಿನೊಂದಿಗೆ ವಾಸಕ್ಕೆ ಒಪ್ಪಿಗೆ ಕೊಟ್ಟಿತು. ಹಿಂದೆಯೇ ಗ್ಯಾಲರಿಗಳು, ದುಬಾರಿ ಅಂಗಡಿಗಳು, ಹಣವಂತರು ಬಂದರು. ಇಂದು ಹೊಸ ಕಲಾವಿದನೊಬ್ಬ ಅಲ್ಲಿ ಬಾಡಿಗೆ ಕಟ್ಟಿ ಬದುಕುವ ಮಾತೇ ಇಲ್ಲ.

ಅದೇ ನಗರದ ಕ್ವೀನ್ಸ್‌ನಲ್ಲಿದ್ದ ‘ಫೈವ್ ಪಾಯಿಂಟ್ಸ್’ ಕಥೆ ಇನ್ನೂ ಕಹಿ. ಹಳೆಯ ಕಾರ್ಖಾನೆಯ ಗೋಡೆಗಳ ಮೇಲೆ, ಮಾಲೀಕರ ಒಪ್ಪಿಗೆಯಿಂದಲೇ, ಕಲಾವಿದರು ವರ್ಷಗಟ್ಟಲೆ ಚಿತ್ರ ಬರೆದರು. ಪಕ್ಕದಲ್ಲಿ ಹಾದುಹೋಗುವ ರೈಲಿನ ಕಿಟಕಿಯಿಂದ ದಿನವೂ ಸಾವಿರಾರು ಜನ ಅದನ್ನು ನೋಡುತ್ತಿದ್ದರು. 2013ರ ನವೆಂಬರಿನ ಒಂದು ರಾತ್ರಿ ಮಾಲೀಕರೇ ಗೋಡೆಗಳಿಗೆಲ್ಲ ಬಿಳಿ ಬಣ್ಣ ಬಳಿಸಿದರು. ಅದೂ ಎಷ್ಟು ತೆಳುವಾಗಿತ್ತೆಂದರೆ ಅಡಿಯಲ್ಲಿದ್ದ ಚಿತ್ರಗಳು ತಿಂಗಳುಗಟ್ಟಲೆ ಅಲ್ಲಲ್ಲಿ ಇಣುಕುತ್ತಿದ್ದವು. ಕಲಾಕೃತಿಗಳ ರಕ್ಷಣೆಗಾಗಿ 1990ರಲ್ಲಿ ಬಂದ ಕಾನೂನಿನ ಬಲದಿಂದ 21 ಕಲಾವಿದರು ಹೋರಾಡಿದರು. 2018ರಲ್ಲಿ ನ್ಯಾಯಾಲಯ 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷದಂತೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಕಟ್ಟಡ ನೆಲಸಮವಾಗಿತ್ತು. ಆ ಜಾಗದಲ್ಲಿ ಎದ್ದ ವಸತಿ ಗೋಪುರಗಳಿಗೆ ಇಟ್ಟ ಹೆಸರೂ ‘ಫೈವ್ ಪಾಯಿಂಟ್ಸ್’! ಚಿತ್ರ ಬೇಡ, ಚಿತ್ರಕಾರರು ಬೇಡ, ಅವರು ಗಳಿಸಿಕೊಟ್ಟ ಹೆಸರು ಮಾತ್ರ ಬೇಕು.

ಇದನ್ನು ಮಾರುಕಟ್ಟೆಯ ಸಹಜ ನಿಯಮ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಮ ಬದಲಿಸಿದ ಕಡೆ ಫಲವೂ ಬದಲಾಗುತ್ತದೆ. ಹಳೆಯ ಸಂಗೀತ ಸಭಾಂಗಣದ ಪಕ್ಕ ಹೊಸ ವಸತಿ ಸಮುಚ್ಚಯ ಕಟ್ಟಿದರೆ, ಶಬ್ದ ತಡೆಯುವ ಖರ್ಚು ಹೊಸದಾಗಿ ಕಟ್ಟುವವರದ್ದು ಎಂಬ ನಿಯಮವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ತಂದಿತು. 2018ರಲ್ಲಿ ಇಂಗ್ಲೆಂಡಿನ ಯೋಜನಾ ನೀತಿಯಲ್ಲೂ ಇದೇ ತತ್ವ ಸೇರಿತು. ಮನೆ ಕೊಂಡವರು ಮರುದಿನವೇ ದೂರು ಕೊಟ್ಟು, ದಶಕಗಳಿಂದ ಹಾಡು ಕೇಳಿಸುತ್ತಿದ್ದ ಜಾಗಕ್ಕೆ ಬೀಗ ಹಾಕಿಸುವುದು ಇದರಿಂದ ಕಷ್ಟವಾಗುತ್ತದೆ.

ನನ್ನ ಬೇಡಿಕೆ ಇನ್ನೂ ಒಂದು ಹೆಜ್ಜೆ ಮುಂದಿನದು. ಕಟ್ಟಡದ ನಕ್ಷೆ ಮಂಜೂರು ಮಾಡುವಾಗ ವಾಹನ ನಿಲುಗಡೆಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಕೇಳುವ ನಗರಗಳು, ನಾಟಕದ ತಾಲೀಮಿಗೆ, ನೃತ್ಯಾಭ್ಯಾಸಕ್ಕೆ ಎಷ್ಟು ಬಿಟ್ಟಿದ್ದೀರಿ ಎಂದೂ ಕೇಳಲಿ. ಖಾಲಿ ಬಿದ್ದ ಸರ್ಕಾರಿ ಕಟ್ಟಡಗಳನ್ನು ಹರಾಜಿಗೆ ಹಾಕುವ ಮೊದಲು ಕಲಾವಿದರ ತಂಡಗಳಿಗೆ ಕಡಿಮೆ ಬಾಡಿಗೆಯ ದೀರ್ಘಾವಧಿ ಗುತ್ತಿಗೆಗೆ ಕೊಡಲಿ. ಒಂದೆರಡು ವರ್ಷದ ಗುತ್ತಿಗೆ ಸಾಲದು. ಅಷ್ಟರಲ್ಲಿ ಆ ಬೀದಿಗೆ ಹೆಸರು ಬಂದಿರುತ್ತದೆ, ಬಾಡಿಗೆ ಏರಿರುತ್ತದೆ, ಅವರು ಮತ್ತೆ ಗಂಟುಮೂಟೆ ಕಟ್ಟಬೇಕಾಗುತ್ತದೆ.