ನಮ್ಮ ಸಾಂಬಾರಿಗೇ ಬೀಳದ ಈರುಳ್ಳಿಗೆ ರಫ್ತು ಸುಂಕ ಯಾಕೆ?

ಈರುಳ್ಳಿ ಬೆಲೆ ಏರಿದರೆ ಸಾಕು, ಆಳುವವರಿಗೆ ಗಾಬರಿ ಶುರು. 1998ರ ದೆಹಲಿ ಚುನಾವಣೆಯಲ್ಲಿ ಈರುಳ್ಳಿ ಬೆಲೆ ಆಳುತ್ತಿದ್ದ ಬಿಜೆಪಿಯನ್ನು ಸೋಲಿಸಿ ಕಣ್ಣೀರು ಹಾಕಿಸಿದ್ದನ್ನು ಯಾವ ಪಕ್ಷವೂ ಮರೆತಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40ರಷ್ಟು ಸುಂಕ ಹಾಕಿತು. ಸರಕು ಹೊರಗೆ ಹೋಗದಿದ್ದರೆ ಇಲ್ಲಿ ಬೆಲೆ ಇಳಿಯುತ್ತೆ ಅನ್ನೋ ಲೆಕ್ಕ. ದಪ್ಪ ಈರುಳ್ಳಿಗೆ ಅದು ಸರಿಯೇ ಇರಬಹುದು. ಅದೇ ಆದೇಶ ಬೆಂಗಳೂರು ರೋಸ್ ಈರುಳ್ಳಿಗೂ ತಗುಲಿಕೊಂಡಿತು ನೋಡಿ, ನನ್ನ ತಕರಾರು ಅಲ್ಲಿ.

ರೋಸ್ ಅಂದರೆ ಪುಟ್ಟ ಗಡ್ಡೆ, ಚಪ್ಪಟೆ ತಳ, ಕಡುಗೆಂಪು ಬಣ್ಣ, ಘಾಟು ಜಾಸ್ತಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕೆಂಪು ಮಣ್ಣಿನ ಬೆಳೆ. 2015ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನೋ ಅಧಿಕೃತ ಗುರುತು ಕೂಡ ಸಿಕ್ಕಿದೆ. ಇಲ್ಲಿ ಇದನ್ನು ಕೊಳ್ಳೋರೇ ಕಡಿಮೆ. ಬಹುಪಾಲು ಮಲೇಷ್ಯಾ, ಸಿಂಗಾಪುರ, ಶ್ರೀಲಂಕಾ ಕಡೆ ಹೋಗುತ್ತದೆ. ಇದನ್ನು ತಡೆದು ನಿಲ್ಲಿಸಿದರೆ ಯಾವ ಹೋಟೆಲಿನ ಈರುಳ್ಳಿ ದೋಸೆಯೂ ಅಗ್ಗವಾಗುವುದಿಲ್ಲ.

ಸುಂಕ ಕಟ್ಟೋನು ರಫ್ತುದಾರ, ಅದೂ ಕಾಗದದ ಮೇಲೆ. ಅವನು ಅದನ್ನು ಮೊದಲೇ ಕಳೆದು ರೈತನಿಗೆ ರೇಟು ಹೇಳುತ್ತಾನೆ. ಗಡ್ಡೆ ಮೊಳಕೆ ಒಡೆಯೋ ಮೊದಲು ಚೀಲ ಖಾಲಿ ಮಾಡಬೇಕಾದ ರೈತ ಚೌಕಾಸಿ ಮಾಡೋದಾದರೂ ಹೇಗೆ?

ಸೆಪ್ಟೆಂಬರ್ ಕೊನೆಗೆ ರೋಸ್‌ಗೆ ವಿನಾಯಿತಿ ಸಿಕ್ಕಿತು. ಡಿಸೆಂಬರ್ 8ರಿಂದ ಈರುಳ್ಳಿ ರಫ್ತೇ ಬಂದ್. 2024ರ ಮೇನಲ್ಲಿ ನಿಷೇಧ ಹೋಯಿತು, ಸುಂಕ ಉಳಿಯಿತು. ಅದೇ ತಿಂಗಳ ಕೊನೆಗೆ ರೋಸ್‌ಗೆ ಮತ್ತೆ ವಿನಾಯಿತಿ. ಇದೇನು ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲೂ ನಿಷೇಧ ಹಾಕಿ, ಅಕ್ಟೋಬರ್‌ನಲ್ಲಿ 10,000 ಟನ್ ರೋಸ್ ಮಾತ್ರ, ಅದೂ ಚೆನ್ನೈ ಬಂದರಿನಿಂದಷ್ಟೇ ಕಳಿಸಿ ಅಂದಿದ್ದರು. ಪ್ರತಿ ಸಲ ಮೊದಲು ಬರೆ, ಆಮೇಲೆ ಬೆಣ್ಣೆ.

ನಿಯಂತ್ರಣವೇ ಬೇಡ ಅಂತ ನಾನು ಹೇಳುತ್ತಿಲ್ಲ. ವಿನಾಯಿತಿ ಬೇಕಾದರೆ ರಾಜ್ಯದ ತೋಟಗಾರಿಕೆ ಆಯುಕ್ತರಿಂದ ಸರಕು ಯಾವುದು, ಎಷ್ಟು ಅನ್ನೋದಕ್ಕೆ ಪ್ರಮಾಣಪತ್ರ ತರಬೇಕು ಅಂದರಲ್ಲ, ಅದು ಒಳ್ಳೆಯದೇ. ಇಲ್ಲದಿದ್ದರೆ ರೋಸ್ ಹೆಸರಲ್ಲಿ ದಪ್ಪ ಈರುಳ್ಳಿ ಸಾಗಿಸೋ ಜಾಣರಿಗೆ ನಮ್ಮಲ್ಲಿ ಬರವೇ? ಆದರೆ ಆ ವಿನಾಯಿತಿ ಮೊದಲ ಆದೇಶದಲ್ಲೇ ಇರಬೇಕು. ಸುಂಕ ಹಾಕಿದ ಮೇಲೆ ರೈತರು ಬೀದಿಗಿಳಿದು, ಮನವಿ ಕೊಟ್ಟು, ಕಾದು ಪಡೆಯೋ ಭಿಕ್ಷೆ ಆಗಬಾರದು.

2025ರ ಏಪ್ರಿಲ್ 1ರಿಂದ ಸುಂಕ ಪೂರ್ತಿ ತೆಗೆದರು, ಸಂತೋಷ. ಆದರೆ ಮುಂದಿನ ಸಲ ಬೆಲೆ ಏರಿದಾಗ ರೋಸ್‌ನ ಗತಿ ಏನು ಅಂತ ಎಲ್ಲೂ ಬರೆದಿಟ್ಟಿಲ್ಲ. ಈ ಜಿಲ್ಲೆಗಳ ಸಂಸದರು ಅದನ್ನು ದೆಹಲಿಯಲ್ಲಿ ಬರೆಸಿಕೊಂಡು ಬರಲಿ. ಬೆಲೆ ಏರಿದ ಮೇಲೆ ಇವರ ಮಾತನ್ನು ಅಲ್ಲಿ ಯಾರೂ ಕೇಳಿಸಿಕೊಳ್ಳಲ್ಲ.