ಅಪರೂಪದ ಬಿಯರ್‌ಗೆ ಅಂಗಡಿಯವನು ಹೇಳಿದ್ದೇ ರೇಟಾ? ಪರ-ವಿರೋಧ

ನಮ್ಮ ಕಡೆ ಬಾಟ್ಲಿ ಮೇಲೆ ಎಂಆರ್‌ಪಿ ಅಚ್ಚಾಗಿರತ್ತೆ, ಅದರ ಮೇಲೆ ಹತ್ತು ರೂಪಾಯಿ ಜಾಸ್ತಿ ಕೇಳಿದ್ರೆ ಕೌಂಟರ್ ಮುಂದೆ ಜಗಳ ಗ್ಯಾರಂಟಿ. ಅಮೆರಿಕಾದಲ್ಲಿ ಆ ಅಚ್ಚೇ ಇಲ್ಲ. ಬಿಯರ್ ಮಾಡೋ ಬ್ರೂವರಿಯವರು "ಇಷ್ಟಕ್ಕೆ ಮಾರಿದ್ರೆ ಒಳ್ಳೇದು" ಅಂತ ಒಂದು ರೇಟು (ಲಿಸ್ಟ್ ರೇಟು) ಹೇಳ್ತಾರೆ, ಅಂಗಡಿಯವನು ಕೇಳಿದ್ರೆ ಕೇಳ್ದ, ಬಿಟ್ರೆ ಬಿಟ್ಟ. ಮಾಮೂಲಿ ಬಿಯರ್‌ಗೆ ಇದರಿಂದ ಯಾರಿಗೂ ತೊಂದ್ರೆ ಇಲ್ಲ, ಪಕ್ಕದ ಅಂಗಡೀಲೂ ಅದೇ ಸಿಗತ್ತಲ್ಲ. ಆದ್ರೆ ಶಿಕಾಗೋದ ಗೂಸ್ ಐಲ್ಯಾಂಡ್‌ನವರ ಬರ್ಬನ್ ಕೌಂಟಿ ಸ್ಟೌಟ್ (ಕಪ್ಪನೆ, ಗಾಢ ಬಿಯರ್) ತರದ್ದು ಇರತ್ತೆ ನೋಡಿ, ವಿಸ್ಕಿ ತುಂಬಿದ್ದ ಬ್ಯಾರಲ್‌ನಲ್ಲಿ ತಿಂಗಳುಗಟ್ಲೆ ಮಲಗಿಸಿ, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಅಂದ್ರೆ ಬ್ಲ್ಯಾಕ್ ಫ್ರೈಡೇ ದಿನ ಬಿಡೋ ಮಾಲು. ಅದಕ್ಕೆ ಬೆಳಗಿನ ಜಾವದ ಚಳೀಲಿ ಮಡಚೋ ಕುರ್ಚಿ ಹಾಕ್ಕೊಂಡು ಕ್ಯೂ ಕೂರ್ತಾರೆ. ಅಂಥ ಬಾಟ್ಲಿಗೆ ಅಂಗಡಿಯವನು ಎರಡು ಪಟ್ಟು ಮೂರು ಪಟ್ಟು ಹಾಕಿದ್ರೆ ಸರೀನಾ ಅನ್ನೋದು ಪ್ರಶ್ನೆ. ಎರಡೂ ಕಡೆ ವಾದ ನಾನೇ ಬರೀತಿದೀನಿ, ಯಾವ ಕಡೆ ವಾಲ್ತೀನಿ ಅಂತ ಓದೋರಿಗೆ ಗೊತ್ತಾಗೇ ಆಗತ್ತೆ, ಮುಚ್ಚಿಡೋಕೆ ಹೋಗಲ್ಲ.

ಪರ: ಮಾಲು ಅವನದು, ರೇಟೂ ಅವನದೇ

ಮೊದಲು ಮಾಲು ಅಂಗಡಿಗೆ ಹೇಗೆ ಬರತ್ತೆ ಅಂತ ನೋಡಿ. 1933ರಲ್ಲಿ ಅಮೆರಿಕಾದಲ್ಲಿ ಪಾನನಿಷೇಧ ಮುಗಿದ ಮೇಲೆ ಹೆಚ್ಚಿನ ರಾಜ್ಯಗಳು ಮೂರು ಮೆಟ್ಟಿಲಿನ ವ್ಯವಸ್ಥೆ ಮಾಡ್ಕೊಂಡ್ವು: ಮಾಡೋನು ಡಿಸ್ಟ್ರಿಬ್ಯೂಟರ್‌ಗೆ ಮಾರ್ಬೇಕು, ಡಿಸ್ಟ್ರಿಬ್ಯೂಟರ್ ಅಂಗಡಿಗೆ, ಅಂಗಡಿ ನಿಮಗೆ. ಸಣ್ಣ ಬ್ರೂವರಿಗಳಿಗೆ ಅಲ್ಲಲ್ಲಿ ವಿನಾಯಿತಿ ಇದೆ, ಆದ್ರೆ ಮೂಲ ಚೌಕಟ್ಟು ಅದೇ. ಹಾಗಾಗಿ ಅಪರೂಪದ ಬಿಯರ್ ಯಾವ ಅಂಗಡಿಗೆ ಎಷ್ಟು ಅನ್ನೋದು ಡಿಸ್ಟ್ರಿಬ್ಯೂಟರ್ ಕೈಲಿ. ಅವನು ಯಾರಿಗೆ ಕೊಡ್ತಾನೆ? ವರ್ಷವಿಡೀ ತನ್ನ ಮಾಮೂಲಿ ಮಾಲು ಚೆನ್ನಾಗಿ ಎತ್ತಿದವನಿಗೆ. ಅಂದ್ರೆ ಅಂಗಡಿಯವನು ಯಾರೂ ಕೇಳದ ಬಿಯರನ್ನೂ ಹನ್ನೆರಡು ತಿಂಗಳು ಫ್ರಿಜ್ಜಲ್ಲಿಟ್ಟು, ಕರೆಂಟ್ ಬಿಲ್ ಕಟ್ಟಿ, ಒಂದಷ್ಟು ಡೇಟ್ ಮುಗಿದು ನಷ್ಟ ಮಾಡ್ಕೊಂಡು, ಕೊನೆಗೆ ಆ ಒಂದೋ ಎರಡೋ ಕೇಸ್ (ಪೆಟ್ಟಿಗೆ) ಗಿಟ್ಟಿಸ್ಕೊಂಡಿರ್ತಾನೆ. ನೀವು ವರ್ಷಕ್ಕೊಂದ್ಸಲ ಆ ದಿನ ಮಾತ್ರ ಬಾಗಿಲಿಗೆ ಬಂದು "ಲಿಸ್ಟ್ ರೇಟಿಗೆ ಕೊಡು" ಅಂದ್ರೆ ಅವನಿಗೆ ಹೊಟ್ಟೆ ಉರಿಯಲ್ವಾ.

ಇನ್ನೊಂದು, ಕಮ್ಮಿ ರೇಟಿಗೆ ಕೊಟ್ರೆ ಕುಡಿಯೋನಿಗೇ ಸೇರತ್ತೆ ಅನ್ನೋದು ಭ್ರಮೆ. ವರ್ಮಾಂಟ್‌ನ ದಿ ಆಲ್ಕೆಮಿಸ್ಟ್ ಬ್ರೂವರಿ ಹೆಡಿ ಟಾಪರ್ ಅಂತ ಐಪಿಎ (ಹಾಪ್ಸ್ ಹೂವಿನ ಘಮ, ಕಹಿ ಜಾಸ್ತಿ ಇರೋ ಬಿಯರ್) ಮಾಡ್ತಾರೆ, 8% ಆಲ್ಕೋಹಾಲ್, ಹದಿನಾರು ಔನ್ಸಿನ ಕ್ಯಾನು, ನಾಲ್ಕರ ಪ್ಯಾಕಿಗೆ ಆಗ ಹೆಚ್ಚುಕಮ್ಮಿ 12 ಡಾಲರ್. ಮಾಲೀಕರು ಬೇಕಂತಲೇ ಸಾಧಾರಣ ರೇಟು ಇಟ್ಟಿದ್ರು. ಏನಾಯ್ತು? 2013ರಲ್ಲಿ ಒಬ್ಬಾಕೆ ಐದು ಕೇಸನ್ನ ಆನ್‌ಲೈನ್ ಜಾಹೀರಾತಲ್ಲಿ 825 ಡಾಲರಿಗೆ ಮಾರೋಕೆ ಹೋಗಿ ಲೈಸೆನ್ಸ್ ಇಲ್ಲದೆ ಮಾರಿದ ಆರೋಪದಲ್ಲಿ ಸಿಕ್ಕಿಬಿದ್ಳು. ಸಿಕ್ಕಿಬಿದ್ದೋಳು ಒಬ್ಳು, ಸಿಗದೇ ಇದ್ದೋರು ಎಷ್ಟೋ. ಸಿನಿಮಾ ಟಾಕೀಸ್ ಮುಂದೆ ಬ್ಲಾಕಲ್ಲಿ ಟಿಕೆಟ್ ಮಾರೋನು ಇದ್ನಲ್ಲ, ಅದೇ ದಂಧೆ. ಬಾಗಿಲಲ್ಲಿ ಕಮ್ಮಿ ಇಟ್ಟಷ್ಟೂ ಗೇಟಿನ ಹೊರಗೆ ನಿಂತೋನಿಗೆ ಲಾಭ. ಆ ದುಡ್ಡು ಬಾಡಿಗೆ ಕಟ್ಟಿ ತೆರಿಗೆ ಕಟ್ಟಿ ಅಂಗಡಿ ನಡೆಸೋನಿಗೆ ಹೋಗೋದೇ ನ್ಯಾಯ ಅಲ್ವಾ.

ಮತ್ತೆ ಕ್ಯೂ ಅಂದ್ರೆ ಪುಕ್ಸಟ್ಟೆ ಅಂದ್ಕೊಂಡಿದೀರಾ? ಆರು ಗಂಟೆ ಕಾಯೋಕೆ ರಜಾ ಹಾಕ್ಬೇಕು, ಮಗು ಇದ್ರೆ ಯಾರಾದ್ರೂ ನೋಡ್ಕೋಬೇಕು. ನೈಟ್ ಶಿಫ್ಟ್ ಮಾಡೋ ನರ್ಸಿಗೆ ಬ್ಲ್ಯಾಕ್ ಫ್ರೈಡೇ ಕ್ಯೂ ಅನ್ನೋದು ಇಲ್ಲವೇ ಇಲ್ಲ, ಕಾಲೇಜು ಹುಡುಗನಿಗೆ ಅದೊಂದು ಪಿಕ್‌ನಿಕ್. ಆಕೆ ವರ್ಷಕ್ಕೊಂದು ಬಾಟ್ಲಿಗೆ ಹತ್ತು ಡಾಲರ್ ಜಾಸ್ತಿ ಕೊಟ್ಟು ಸಂಜೆ ಆರಾಮಾಗಿ ಬಂದು ತಗೊಂಡು ಹೋಗೋ ಹಾಗಿದ್ರೆ ಯಾರಿಗೆ ಅನ್ಯಾಯ ಆಯ್ತು?

ಸನ್ಯಾಸಿಗಳೇ ಜಾಸ್ತಿ ರೇಟಿಗೆ ಮಾರಿದ್ದಾರೆ ಸ್ವಾಮಿ. ಬೆಲ್ಜಿಯಂನ ವೆಸ್ಟ್‌ವ್ಲೆಟರನ್ ಮಠದವರು, ಮಠದ ಹೊರಗೆ ಮಾರಲ್ಲ ಅಂತ ಹಠ ಹಿಡಿದೋರು, 2012ರ ಡಿಸೆಂಬರಲ್ಲಿ ಒಂದೇ ಒಂದು ಸಲ ಅಮೆರಿಕಾಕ್ಕೆ ಕಳಿಸಿದ್ರು. ಆರು ಬಾಟ್ಲಿ ಎರಡು ಗ್ಲಾಸಿನ ಪೆಟ್ಟಿಗೆ 84.99 ಡಾಲರ್. ಮಠದ ಕಟ್ಟಡ ರಿಪೇರಿಗೆ ದುಡ್ಡು ಬೇಕಿತ್ತು, ಬೇಡಿಕೆ ಇತ್ತು, ಮಾರಿದ್ರು, ಬೇಗ ಬೇಗ ಖಾಲಿ ಆಯ್ತು. ಯಾರೂ ಅವರನ್ನ ಲೂಟಿಕೋರರು ಅನ್ನಲಿಲ್ಲ. ಮಠದ ಸೂರಿಗೆ ಒಂದು ನ್ಯಾಯ, ಅಂಗಡಿ ಬಾಡಿಗೆಗೆ ಇನ್ನೊಂದು ನ್ಯಾಯ ಯಾಕೆ?

ಒಂದು ಮಾತು ಮಾತ್ರ ಈ ಕಡೆ ನಿಂತೂ ಒಪ್ಕೋತೀನಿ, ರೇಟು ಹಾಕೋದಾದ್ರೆ ಬೋರ್ಡ್ ಹಾಕಿ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು. ಕೌಂಟರ್ ಕೆಳಗೆ ಇಟ್ಕೊಂಡು ಮುಖ ನೋಡಿ ರೇಟು ಹೇಳೋನ ಪರ ನಾನು ವಾದ ಮಾಡ್ತಿಲ್ಲ.

ವಿರೋಧ: ಅವನು ಕುದಿಸಿದ್ದಲ್ಲ, ಕಾದಿದ್ದೂ ಅಲ್ಲ

ಮಠದ ಕಥೆ ತೆಗೆದ್ರಲ್ಲ, ಅದನ್ನೇ ಪೂರ್ತಿ ಹೇಳೋಣ, ಅರ್ಧ ಹೇಳಿ ಬಿಟ್ರೆ ಹೇಗೆ. ಮಠ ಅಂದ ತಕ್ಷಣ ನಮ್ಮೋರಿಗೆ ನಗು ಬರತ್ತೆ, ಸ್ವಾಮಿಗಳು ಬಿಯರ್ ಮಾಡೋದಾ ಅಂತ, ಆದ್ರೆ ವೆಸ್ಟ್‌ವ್ಲೆಟರನ್‌ನ ಸೇಂಟ್ ಸಿಕ್ಸ್ಟಸ್ ಮಠದಲ್ಲಿ 19ನೇ ಶತಮಾನದಿಂದ ಅದು ನಡೆದು ಬಂದಿದೆ. ಅವರ 12 ನಂಬರಿನ ಬಿಯರು, 10.2%, 2005ರಲ್ಲಿ ರೇಟ್‌ಬಿಯರ್ ಅನ್ನೋ ಬಿಯರ್ ರೇಟಿಂಗ್ ವೆಬ್‌ಸೈಟ್‌ನವರು ಜಗತ್ತಲ್ಲೇ ಬೆಸ್ಟ್ ಅಂದಿದ್ದೇ ತಡ, ಮಠದ ದಾರೀಲಿ ಕಾರುಗಳ ಸಾಲು. ಬೇರೆ ಯಾರೇ ಆಗಿದ್ರೂ ಉತ್ಪಾದನೆ ಹತ್ತು ಪಟ್ಟು ಮಾಡಿ ರೇಟು ಏರಿಸ್ತಿದ್ರು. ಇವರು ಎರಡೂ ಮಾಡ್ಲಿಲ್ಲ. ಮಠ ನಡೆಯೋಕೆ ಎಷ್ಟು ಬೇಕೋ ಅಷ್ಟು ಅಂತ ಕೂತ್ರು. ಆಗ ಫೋನ್ ಮಾಡಿ ಬುಕ್ ಮಾಡ್ಬೇಕಿತ್ತು, ಫೋನ್ ಸಿಗೋದೇ ಪುಣ್ಯ, ಕಾರಿನ ನಂಬರ್ ಬರ್ಕೋತಿದ್ರು, ಅದೇ ಕಾರು ಅದೇ ಫೋನ್ ನಂಬರ್ ಬೇಗ ಮತ್ತೆ ಬಂದ್ರೆ ಕೊಡ್ತಿರಲಿಲ್ಲ, ಕೊಂಡಿದ್ದನ್ನ ವ್ಯಾಪಾರಕ್ಕೆ ಮಾರಬಾರದು ಅನ್ನೋದು ಷರತ್ತು. 2019ರಲ್ಲಿ ಫೋನ್ ಬಿಟ್ಟು ಆನ್‌ಲೈನ್ ಮಾಡಿದ್ರು, ಅಲ್ಲೂ ಬಹಳ ದಿನದಿಂದ ಸಿಗದೇ ಕಾದೋರಿಗೆ ಮೊದಲು.

ಹೀಗಿದ್ದಾಗ 2018ರಲ್ಲಿ ಹಾಲೆಂಡಿನ ಯಾನ್ ಲಿಂಡರ್ಸ್ ಅನ್ನೋ ಸೂಪರ್‌ಮಾರ್ಕೆಟ್ ಎಲ್ಲಿಂದಲೋ ಕೈಯಿಂದ ಕೈಗೆ ಬಂದ 7,200 ಬಾಟ್ಲಿ ತರಿಸಿ ಒಂದೊಂದು 9.95 ಯೂರೋಗೆ ಇಟ್ಟು ಮಾರಿತು. ಮಠದಲ್ಲಿ ಆಗ ಅದೇ ಬಾಟ್ಲಿ ಎರಡು ಯೂರೋಗೂ ಕಮ್ಮಿ ಇತ್ತು. ಮಠದವರು ಬೇಜಾರು ಮಾಡ್ಕೊಂಡ್ರು, ಕೊನೆಗೆ ಸೂಪರ್‌ಮಾರ್ಕೆಟ್ ಕ್ಷಮೆ ಕೇಳ್ತು. ಯಾಕೆ ಕೇಳ್ತು? ಕಾನೂನು ಮುರಿದಿದ್ರು ಅಂತಲ್ಲ. ಮಾಡಿದೋನು ಇಷ್ಟೇ ಬೆಲೆ ಅಂತ ಇಟ್ಟಿದ್ದನ್ನ ಮಧ್ಯೆ ಬಂದೋನು ಐದು ಪಟ್ಟು ಮಾಡಿ, ಮಾಡಿದೋನ ಹೆಸರಲ್ಲೇ ಮಾರಿದ್ದು ಜನಕ್ಕೆ ಹಿಡಿಸ್ಲಿಲ್ಲ. 2012ರಲ್ಲಿ 84.99 ಅಂತ ಸ್ವತಃ ಮಠದವರೇ ಬಿಟ್ಟಿದ್ದು, ದುಡ್ಡು ಯಾತಕ್ಕೆ ಅಂತ ಹೇಳೇ ಬಿಟ್ಟಿದ್ದು. ಇವೆರಡನ್ನ ಒಂದೇ ತಕ್ಕಡೀಲಿ ಹಾಕೋದು ಜಾಣತನ ಇರಬಹುದು, ನಿಜ ಅಲ್ಲ.

ಅಮೆರಿಕಾದ ಕಥೇನೂ ಇದೇ. ಮೂರು ಮೆಟ್ಟಿಲಿನ ವ್ಯವಸ್ಥೆ ಅಂದ್ರಲ್ಲ, ಅದರ ಅರ್ಥ ಅಂಗಡಿಯವನು 10ರ ಬಾಟ್ಲಿ 30ಕ್ಕೆ ಮಾರಿದ್ರೆ ಮೇಲಿನ 20ರಲ್ಲಿ ಬ್ರೂವರಿಗೆ ನಯಾಪೈಸೆ ಹೋಗಲ್ಲ. ಬಯ್ಗುಳ ಮಾತ್ರ ಹೋಗತ್ತೆ, ಲೇಬಲ್ ಮೇಲಿರೋದು ಅವರ ಹೆಸರಲ್ವಾ, ಕೊಂಡೋನು "ಇವರಿಗೆ ದುರಾಸೆ ಬಂತು" ಅಂತಾನೆ. ರಿಸ್ಕೂ ಅವರದೇ. 2015ರ ಬರ್ಬನ್ ಕೌಂಟಿ ಕೆಲವು ಬಗೆಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಸೇರ್ಕೊಂಡು ಹುಳಿ ಆಗೋಯ್ತು, ಆಗ ದುಡ್ಡು ವಾಪಸ್ ಕೊಡ್ತೀವಿ ಅಂತ ಮುಂದೆ ಬಂದಿದ್ದು ಗೂಸ್ ಐಲ್ಯಾಂಡ್. ಬ್ಯಾರಲ್ ಕೊಂಡೋರು ಅವರು, ಕಾದೋರು ಅವರು, ಹೊಣೆ ಹೊತ್ತೋರು ಅವರು. ಅಂಗಡಿಯವನು ಮಾಡಿದ್ದು ಟ್ರಕ್ಕಿಂದ ಇಳಿಸಿ ಸ್ಟಿಕರ್ ಹಚ್ಚಿದ್ದು. (ಗೂಸ್ ಐಲ್ಯಾಂಡನ್ನ 2011ರಲ್ಲೇ ಬಡ್‌ವೈಸರ್ ಕಂಪನಿ 38.8 ಮಿಲಿಯನ್ ಡಾಲರಿಗೆ ಕೊಂಡ್ಕೊಂಡಿದೆ, ಆದ್ದರಿಂದ ಪಾಪ ಬಡ ಬ್ರೂವರಿ ಅಂತ ನಾನೇನೂ ಅಳ್ತಿಲ್ಲ.)

ನರ್ಸಿನ ವಾದ ಚೆನ್ನಾಗಿದೆ, ಆದ್ರೆ ಅದು ದುಡ್ಡಿರೋ ನರ್ಸಿಗೆ ಮಾತ್ರ. ಕ್ಯೂ ಬೇಡ ಅಂದ್ರೆ ಲಾಟರಿ ಮಾಡಿ, ಎಷ್ಟೋ ಅಂಗಡಿಯವರು ಮಾಡ್ತಾರೆ: ಒಂದು ವಾರ ಮುಂಚೆ ಹೆಸರು ಬರೆಸಿ, ಚೀಟಿ ಎತ್ತಿ, ಬಂದೋರಿಗೆ ಒಂದೊಂದೇ ಬಾಟ್ಲಿ, ಲಿಸ್ಟ್ ರೇಟು. ನೈಟ್ ಶಿಫ್ಟ್‌ನೋರಿಗೂ ಕಾಲೇಜು ಹುಡುಗನಿಗೂ ಒಂದೇ ಅವಕಾಶ. ವರ್ಷವಿಡೀ ಬರೋ ಗಿರಾಕಿಗೆ ಏನಾದ್ರೂ ಕೊಡ್ಬೇಕು ಅನ್ಸಿದ್ರೆ ಅವನ ಹೆಸರಲ್ಲಿ ಎರಡು ಚೀಟಿ ಹಾಕಿ, ಯಾರು ಬೇಡ ಅಂದ್ರು. ಮರುಮಾರಾಟದ ಭಯಾನಾ? ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್‌ನವರು ಪ್ಲೈನಿ ದಿ ಯಂಗರ್ ಅನ್ನೋ ಟ್ರಿಪಲ್ ಐಪಿಎ (ಬಹಳ ಸ್ಟ್ರಾಂಗ್ ಐಪಿಎ) ವರ್ಷಕ್ಕೊಂದ್ಸಲ ಬಿಡ್ತಾರೆ, ವರ್ಷಾನುಗಟ್ಲೆ ಅದನ್ನ ಗ್ಲಾಸಲ್ಲೇ ಕೊಟ್ರು, ಬಾಟ್ಲಿ ಬಂದಿದ್ದೇ ಈಚೆಗೆ. ಗ್ಲಾಸಿಗೆ ಸುರಿದಿದ್ದನ್ನ ಯಾರು ಬ್ಲಾಕಲ್ಲಿ ಮಾರ್ತಾರೆ? ಅಂಗಡೀಲೇ ಕುಡಿಯೋಕೆ ಲೈಸೆನ್ಸ್ ಇರೋ ಕಡೆ ಇದನ್ನೇ ಮಾಡಬಹುದು, ಒಂದು ಬಾಟ್ಲೀಲಿ ನಾಲ್ಕು ಜನ ರುಚಿ ನೋಡ್ತಾರೆ.

ಹೆಡಿ ಟಾಪರ್ ಉದಾಹರಣೆ ಕೊಟ್ರಲ್ಲ, ಅದರಲ್ಲೂ ಅರ್ಧ ಬಿಟ್ರಿ. 2011ರ ಐರೀನ್ ಚಂಡಮಾರುತದ ನೆರೇಲಿ ಆ ಬ್ರೂವರಿಯ ಪಬ್ಬೇ ಮುಳುಗಿಹೋಯ್ತು, ಉಳಿದಿದ್ದು ಆಗತಾನೇ ಹಾಕಿದ್ದ ಕ್ಯಾನಿಂಗ್ ಘಟಕ. ಅಲ್ಲಿಗೆ ನುಗ್ಗಿದ ಜನ ಎಷ್ಟು ಅಂದ್ರೆ ಅಕ್ಕಪಕ್ಕದೋರಿಗೆ ಟ್ರಾಫಿಕ್ ತಲೆನೋವಾಗಿ 2013ರಲ್ಲಿ ಅಲ್ಲಿನ ಅಂಗಡಿಯನ್ನೇ ಮುಚ್ಚಬೇಕಾಯ್ತು. ಆಮೇಲೆ ಸುತ್ತಮುತ್ತಲ ಸಣ್ಣ ದಿನಸಿ ಅಂಗಡಿಗಳಿಗೆ ಟ್ರಕ್ ಬರೋ ದಿನ ಜನ ಕಾಯೋರು. ಆಗಲೂ ಬ್ರೂವರಿಯವರು ರೇಟು ಏರಿಸಿ ಜನ ಕಮ್ಮಿ ಮಾಡೋ ದಾರಿ ಹಿಡೀಲಿಲ್ಲ, ಬಿಯರ್ ಜಾಸ್ತಿ ಮಾಡಿದ್ರು, 2016ರಲ್ಲಿ ಸ್ಟೋ ಊರಲ್ಲಿ ದೊಡ್ಡದು ಕಟ್ಟಿದ್ರು. ಕೊರತೆಗೆ ನಿಜವಾದ ಮದ್ದು ಅದು.

ಇನ್ನು "ಇದನ್ನ ಬೇಕಂದ್ರೆ ಆ ಎರಡು ಸಿಕ್ಸ್ ಪ್ಯಾಕ್ ಕೂಡ ತಗೋ" ಅನ್ನೋ ಅಂಗಡಿಗಳು. ರೇಟ್ ಬೋರ್ಡಲ್ಲಿ ಲಿಸ್ಟ್ ಬೆಲೇನೇ ಇರತ್ತೆ, ನೋಡೋಕೆ ಸಾಚಾ, ಜೊತೆಗೆ ಖರ್ಚಾಗದ ಕುಂಬಳಕಾಯಿ ಬಿಯರನ್ನ ನಿಮ್ಮ ಕಂಕುಳಿಗೆ ತುರುಕ್ತಾರೆ. ಎರಡು ಪಟ್ಟು ರೇಟಿಗಿಂತ ಇದು ಕಡೆ, ಅವನಾದ್ರೂ ನೇರವಾಗಿ ಕೇಳ್ತಾನೆ.

ಕೊನೇದಾಗಿ ಮಾರ್ಕೆಟ್ ರೇಟು ಅಂತಾರಲ್ಲ, ಅದು ಏರೋವಾಗ ಮಾತ್ರ ಇವರಿಗೆ ನೆನಪಾಗೋದು. ಮಿಶಿಗನ್‌ನ ಫೌಂಡರ್ಸ್‌ನವರ ಕೆಬಿಎಸ್ ಸ್ಟೌಟಿಗೆ ಒಂದು ಕಾಲದಲ್ಲಿ ಇದೇ ಕ್ಯೂ ಇದೇ ಕಿತ್ತಾಟ ಇತ್ತು, ಅವರು ಜಾಸ್ತಿ ಜಾಸ್ತಿ ಮಾಡ್ತಾ ಹೋದ್ರು, 2020ರಿಂದ ಅದು ವರ್ಷವಿಡೀ ಸಿಗೋ ಮಾಲು. ಹೋದ ಸಲದ ರೇಟಲ್ಲಿ ಕಪಾಟು ತುಂಬಿಸಿ ಕೂತ ಅಂಗಡಿಯವನು ಏನು ಮಾಡ್ಬೇಕು? ಬೇಡಿಕೆ ಇಳೀತು ಅಂತ ರೇಟೂ ಇಳಿಸ್ಬೇಕು. ಇಳಿಸೋದು ಕಮ್ಮಿ. ಸ್ಟೌಟಾದ್ರೆ ಹೋಗ್ಲಿ, ಒಂದೆರಡು ವರ್ಷ ಇಟ್ರೂ ಕೆಡಲ್ಲ. ಐಪಿಎ ಹಾಗಲ್ಲ, ಹಾಪ್ಸ್ ಘಮ ವಾರವಾರಕ್ಕೂ ಹೋಗ್ತಾ ಇರತ್ತೆ, ರಷ್ಯನ್ ರಿವರ್‌ನವರದೇ ಇನ್ನೊಂದು ಐಪಿಎ ಪ್ಲೈನಿ ದಿ ಎಲ್ಡರ್ ಬಾಟ್ಲಿ ಮೇಲಂತೂ ಇದನ್ನ ಕೂಡಿಡಬೇಡಿ, ತಾಜಾ ಇದ್ದಾಗಲೇ ಕುಡೀರಿ ಅಂತ ಬ್ರೂವರಿಯವರೇ ಅಚ್ಚು ಹಾಕಿದ್ದಾರೆ. ಮೂರು ಪಟ್ಟು ರೇಟು ಹಾಕಿ, ಕೊಳ್ಳೋರಿಲ್ಲದೆ ಮೂರು ತಿಂಗಳು ಶೆಲ್ಫಲ್ಲಿ ಟ್ಯೂಬ್‌ಲೈಟ್ ಕೆಳಗಿಟ್ಟ ಐಪಿಎ ಕೊಳ್ಳೋ ಮೊದಲು ಬಾಟ್ಲಿ ತಿರುಗಿಸಿ ಡೇಟ್ ನೋಡಿ, ಆಮೇಲೆ ಅಂಗಡಿಯವನನ್ನ ಕೇಳಿ, ಈ ರೇಟು ಯಾವ ತಿಂಗಳದು ಅಂತ.